ಅಮೆರಿಕದ ವಲಸೆ ಕಾನೂನಿನಲ್ಲಿ ಸಲಿಂಗ ದಂಪತಿಗಳು

ಅಮೆರಿಕ ಸಂಯುಕ್ತ ಸಂಸ್ಥಾನದ ಪೌರರು ಅಥವಾ ಕಾಯಂ ನಿವಾಸಿಗಳು ತಮ್ಮ ವಿದೇಶಿ ಸಂಗಾತಿಯನ್ನು ಆ ದೇಶಕ್ಕೆ ಕರೆಸಿಕೊಂಡು ಜೊತೆಯಲ್ಲಿ ನೆಲೆಸಲು ಅಲ್ಲಿನ ವಲಸೆ ಕಾನೂನು ಅವಕಾಶ ನೀಡುತ್ತದೆ. ಒಂದೇ ಲಿಂಗಕ್ಕೆ ಸೇರಿದ ದಂಪತಿಗಳಿಗೆ ಈ ಅವಕಾಶ ದೊರೆತದ್ದು 2013ರ ಜೂನ್ 26ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ವಿಂಡ್ಸರ್ ಪ್ರಕರಣದಲ್ಲಿ ನೀಡಿದ ತೀರ್ಪಿನ ನಂತರ. ಅದಕ್ಕೆ ಮೊದಲು ಭಿನ್ನ ರಾಷ್ಟ್ರೀಯತೆಯ ಸಲಿಂಗ ದಂಪತಿಗಳು ಕ್ರಮಬದ್ಧವಾಗಿ ವಿವಾಹವಾಗಿದ್ದರೂ ವಲಸೆ ಇಲಾಖೆಯ ದೃಷ್ಟಿಯಲ್ಲಿ ಪರಸ್ಪರ ಅಪರಿಚಿತರಾಗಿಯೇ ಉಳಿದಿದ್ದರು. ವೀಸಾ ಅವಧಿ ಮುಗಿದಾಗ ಅವರ ಮುಂದಿದ್ದ ದಾರಿಗಳು ಮೂರು: ಅಗಲುವುದು, ಇಬ್ಬರೂ ದೇಶ ತೊರೆಯುವುದು ಅಥವಾ ಅನುಮತಿಯಿಲ್ಲದೆ ಉಳಿಯುವುದು.

ಹಿನ್ನೆಲೆ

ಅಮೆರಿಕದಲ್ಲಿ ವಿವಾಹವು ಆಯಾ ರಾಜ್ಯದ ಅಧಿಕಾರವ್ಯಾಪ್ತಿಗೆ ಸೇರಿದ ವಿಷಯ. ವಲಸೆ ಮತ್ತು ಪೌರತ್ವಗಳು ಕೇಂದ್ರ ಸರ್ಕಾರದ ಅಧೀನದಲ್ಲಿವೆ. ಆದ್ದರಿಂದ ಒಂದು ರಾಜ್ಯ ನೀಡಿದ ವಿವಾಹಪತ್ರವನ್ನು ವಲಸೆ ಇಲಾಖೆ ಒಪ್ಪಬೇಕೇ ಎಂಬ ಪ್ರಶ್ನೆಯೇ ಈ ವಿಷಯದ ಇತಿಹಾಸದ ಕೇಂದ್ರಬಿಂದುವಾಗಿದೆ.

ದಂಪತಿಗಳ ಪ್ರಶ್ನೆ ಏಳುವುದಕ್ಕೂ ಮೊದಲು ಸಲಿಂಗಕಾಮಿ ವ್ಯಕ್ತಿಗಳ ಪ್ರವೇಶವೇ ನಿಷಿದ್ಧವಾಗಿತ್ತು. 1952ರ ವಲಸೆ ಮತ್ತು ರಾಷ್ಟ್ರೀಯತೆ ಕಾಯಿದೆಯು ಮನೋವಿಕೃತ ವ್ಯಕ್ತಿತ್ವದವರಿಗೆ ಪ್ರವೇಶ ನಿರಾಕರಿಸಿತ್ತು. ಅಧಿಕಾರಿಗಳು ಈ ಪದವನ್ನು ಸಲಿಂಗಕಾಮಿಗಳಿಗೂ ಅನ್ವಯಿಸುತ್ತಿದ್ದರು. 1965ರ ತಿದ್ದುಪಡಿಯಲ್ಲಿ ಲೈಂಗಿಕ ವಿಕೃತಿ ಎಂಬ ಕಾರಣವನ್ನು ಸ್ಪಷ್ಟವಾಗಿ ಸೇರಿಸಲಾಯಿತು. ಕೆನಡಾ ಮೂಲದ ಕ್ಲೈವ್ ಬೂಟಿಲಿಯರ್ ಅವರ ಗಡಿಪಾರನ್ನು ಸರ್ವೋಚ್ಚ ನ್ಯಾಯಾಲಯವು 1967ರಲ್ಲಿ 6-3ರ ಬಹುಮತದಿಂದ ಎತ್ತಿಹಿಡಿಯಿತು. ಈ ನಿಷೇಧವನ್ನು ಕೈಬಿಟ್ಟದ್ದು 1990ರ ವಲಸೆ ಕಾಯಿದೆ. ಹೀಗೆ ವ್ಯಕ್ತಿಯಾಗಿ ದೇಶದೊಳಕ್ಕೆ ಬರುವ ಬಾಗಿಲು ತೆರೆಯಿತಾದರೂ ಸಂಗಾತಿಯಾಗಿ ಬರುವ ಬಾಗಿಲು ಮುಚ್ಚಿಯೇ ಇತ್ತು.

ಆಡಮ್ಸ್ ಮತ್ತು ಸುಲ್ಲಿವನ್ ಪ್ರಕರಣ

ಸಲಿಂಗ ವಿವಾಹದ ಆಧಾರದ ಮೇಲೆ ವಲಸೆಯ ಹಕ್ಕನ್ನು ಕೋರಿದ ಮೊದಲ ಪ್ರಮುಖ ಮೊಕದ್ದಮೆಯನ್ನು ಹೂಡಿದವರು ರಿಚರ್ಡ್ ಆಡಮ್ಸ್ ಮತ್ತು ಆಂಥೋನಿ ಸುಲ್ಲಿವನ್. ಆಡಮ್ಸ್ ಫಿಲಿಪ್ಪೀನ್ಸ್‌ನಲ್ಲಿ ಜನಿಸಿ ಅಮೆರಿಕದ ಪೌರತ್ವ ಪಡೆದಿದ್ದರು. ಸುಲ್ಲಿವನ್ ಆಸ್ಟ್ರೇಲಿಯದ ಪ್ರಜೆ. 1971ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಇವರ ಪರಿಚಯವಾಯಿತು. 1975ರಲ್ಲಿ ಕೊಲರಾಡೊ ರಾಜ್ಯದ ಬೋಲ್ಡರ್ ಕೌಂಟಿಯ ಗುಮಾಸ್ತೆಯಾಗಿದ್ದ ಕ್ಲೀಲಾ ರೋರೆಕ್ಸ್, ರಾಜ್ಯದ ಕಾನೂನು ಸಲಿಂಗ ವಿವಾಹವನ್ನು ಸ್ಪಷ್ಟವಾಗಿ ನಿಷೇಧಿಸಿಲ್ಲವೆಂಬ ಕಾನೂನು ಸಲಹೆಯ ಮೇರೆಗೆ ಆರು ಜೋಡಿಗಳಿಗೆ ವಿವಾಹ ಪರವಾನಗಿ ನೀಡಿದರು. ಅವರಲ್ಲಿ ಆಡಮ್ಸ್ ಮತ್ತು ಸುಲ್ಲಿವನ್ ಒಂದು ಜೋಡಿ. 1975ರ ಏಪ್ರಿಲ್ 21ರಂದು ವಿವಾಹವಾದ ಅವರು, ಸುಲ್ಲಿವನ್‌ಗೆ ಪತಿಯ ನೆಲೆಯಲ್ಲಿ ಕಾಯಂ ನಿವಾಸ ನೀಡುವಂತೆ ಅರ್ಜಿ ಸಲ್ಲಿಸಿದರು. ಅದೇ ವರ್ಷದ ನವೆಂಬರಿನಲ್ಲಿ ಬಂದ ಅಧಿಕೃತ ಉತ್ತರವು ಸಲಿಂಗಿಗಳ ಕುರಿತ ಬೈಗುಳದ ಪದವನ್ನೇ ಬಳಸಿ, ಅಂಥವರ ನಡುವೆ ನೈಜ ದಾಂಪತ್ಯ ಸಾಧ್ಯವಿಲ್ಲವೆಂದು ಅರ್ಜಿಯನ್ನು ತಿರಸ್ಕರಿಸಿತು. ಆಕ್ಷೇಪದ ನಂತರ ಬೇರೆ ಮಾತುಗಳಲ್ಲಿ ಹೊಸ ಪತ್ರ ಬಂದಿತಾದರೂ ನಿರ್ಧಾರ ಬದಲಾಗಲಿಲ್ಲ.

ಒಂಬತ್ತನೆಯ ವೃತ್ತದ ಮೇಲ್ಮನವಿ ನ್ಯಾಯಾಲಯವು 1982ರಲ್ಲಿ ನೀಡಿದ ತೀರ್ಪಿನಲ್ಲಿ ಎರಡು ಹಂತದ ಪರೀಕ್ಷೆಯನ್ನು ಅನ್ವಯಿಸಿತು. ವಿವಾಹವು ನಡೆದ ರಾಜ್ಯದಲ್ಲಿ ಸಿಂಧುವಾಗಿದೆಯೇ ಎಂಬುದು ಮೊದಲನೆಯದು. ವಲಸೆ ಕಾಯಿದೆಯ ಉದ್ದೇಶಕ್ಕೆ ಅದು ವಿವಾಹ ಎನಿಸಿಕೊಳ್ಳುತ್ತದೆಯೇ ಎಂಬುದು ಎರಡನೆಯದು. ಕಾಯಿದೆಯಲ್ಲಿರುವ ಸಂಗಾತಿ ಎಂಬ ಪದವು ಗಂಡು ಹೆಣ್ಣಿನ ದಾಂಪತ್ಯವನ್ನೇ ಸೂಚಿಸುತ್ತದೆಂದು ನ್ಯಾಯಾಲಯ ಅರ್ಥೈಸಿತು. ಸರ್ವೋಚ್ಚ ನ್ಯಾಯಾಲಯ ಮೇಲ್ಮನವಿಯನ್ನು ವಿಚಾರಣೆಗೆ ಅಂಗೀಕರಿಸಲಿಲ್ಲ.

ಗಡಿಪಾರು ಅತೀವ ಸಂಕಷ್ಟವನ್ನು ತರುತ್ತದೆ ಎಂಬ ನೆಲೆಯಲ್ಲಿ ಸುಲ್ಲಿವನ್ ಹೂಡಿದ ಎರಡನೆಯ ಮೊಕದ್ದಮೆಯೂ 1985ರಲ್ಲಿ ಬಿದ್ದುಹೋಯಿತು. ಆ ಬಹುಮತದ ತೀರ್ಪನ್ನು ಬರೆದ ನ್ಯಾಯಮೂರ್ತಿ ಆಂಥೋನಿ ಕೆನಡಿ ಅವರೇ ಮುಂದೆ ಸರ್ವೋಚ್ಚ ನ್ಯಾಯಾಲಯದಲ್ಲಿ ವಿಂಡ್ಸರ್ ತೀರ್ಪನ್ನೂ ಸಲಿಂಗ ವಿವಾಹಕ್ಕೆ ದೇಶವ್ಯಾಪಿ ಮಾನ್ಯತೆ ನೀಡಿದ ಒಬರ್ಗೆಫೆಲ್ ತೀರ್ಪನ್ನೂ ಬರೆದರು. ಸೋಲಿನ ನಂತರ ದಂಪತಿಗಳು ಸುಮಾರು ಒಂದು ವರ್ಷ ಯುರೋಪಿನಲ್ಲಿ ಅಲೆದು, ಮೆಕ್ಸಿಕೊ ಮಾರ್ಗವಾಗಿ ಅಮೆರಿಕಕ್ಕೆ ಮರಳಿ, ಸದ್ದಿಲ್ಲದೆ ಬದುಕಿದರು. ಆಡಮ್ಸ್ 2012ರ ಡಿಸೆಂಬರಿನಲ್ಲಿ, ವಿಂಡ್ಸರ್ ತೀರ್ಪಿಗೆ ಆರು ತಿಂಗಳ ಮೊದಲು, ನಿಧನರಾದರು. ತರುವಾಯ ಹಳೆಯ ಅರ್ಜಿಯನ್ನು ಮರುಪರಿಶೀಲಿಸಿದ ವಲಸೆ ಇಲಾಖೆಯು 1975ರ ವಿವಾಹವನ್ನು ಮಾನ್ಯ ಮಾಡಿ, 2016ರಲ್ಲಿ ಸುಲ್ಲಿವನ್‌ಗೆ ವಿಧುರನ ನೆಲೆಯಲ್ಲಿ ಗ್ರೀನ್ ಕಾರ್ಡ್ ನೀಡಿತು. ಇಲಾಖೆಯ ನಿರ್ದೇಶಕರು ಹಿಂದಿನ ಪತ್ರಕ್ಕಾಗಿ ಲಿಖಿತವಾಗಿ ಕ್ಷಮೆ ಕೋರಿದರು. ಸುಲ್ಲಿವನ್ 2020ರಲ್ಲಿ ತೀರಿಕೊಂಡರು. ಇವರ ಬದುಕನ್ನು ಕುರಿತ ‘ಲಿಮಿಟೆಡ್ ಪಾರ್ಟ್‌ನರ್‌ಶಿಪ್’ ಎಂಬ ಸಾಕ್ಷ್ಯಚಿತ್ರ 2014ರಲ್ಲಿ ತೆರೆಕಂಡಿತು.

ವಿವಾಹ ಸಂರಕ್ಷಣಾ ಕಾಯಿದೆಯ ಕಾಲ (1996–2013)

1996ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಸಹಿ ಮಾಡಿದ ವಿವಾಹ ಸಂರಕ್ಷಣಾ ಕಾಯಿದೆಯ 3ನೆಯ ಪ್ರಕರಣವು, ಕೇಂದ್ರ ಸರ್ಕಾರದ ಎಲ್ಲ ಕಾನೂನುಗಳಲ್ಲಿ ವಿವಾಹವೆಂದರೆ ಒಬ್ಬ ಪುರುಷ ಮತ್ತು ಒಬ್ಬ ಸ್ತ್ರೀಯ ನಡುವಿನ ಬಂಧ ಮಾತ್ರ ಎಂದು ವಿಧಿಸಿತು. 2001ರಲ್ಲಿ ನೆದರ್ಲೆಂಡ್ಸ್, 2003ರಲ್ಲಿ ಕೆನಡಾದ ಆಂಟಾರಿಯೊ ಪ್ರಾಂತ್ಯ, 2004ರಲ್ಲಿ ಅಮೆರಿಕದ್ದೇ ಆದ ಮ್ಯಾಸಚೂಸೆಟ್ಸ್ ರಾಜ್ಯ ಸಲಿಂಗ ವಿವಾಹಕ್ಕೆ ಅವಕಾಶ ನೀಡಿದರೂ ಆ ವಿವಾಹಗಳಿಗೆ ವಲಸೆ ಕಚೇರಿಯಲ್ಲಿ ಬೆಲೆಯಿರಲಿಲ್ಲ. ವಿವಾಹವಾಗುವುದರಿಂದ ತೊಂದರೆಯೇ ಹೆಚ್ಚುವ ಸಂಭವವೂ ಇತ್ತು. ವಿದ್ಯಾರ್ಥಿ ಅಥವಾ ಪ್ರವಾಸಿ ವೀಸಾ ಕೋರುವವರು ಸ್ವದೇಶಕ್ಕೆ ಮರಳುವ ಉದ್ದೇಶವನ್ನು ತೋರಿಸಬೇಕು. ಅಮೆರಿಕದ ಸಂಗಾತಿಯಿರುವುದು ತಿಳಿದರೆ ಆ ಉದ್ದೇಶದ ಬಗ್ಗೆ ಅಧಿಕಾರಿಗೆ ಶಂಕೆ ಮೂಡಬಹುದಾಗಿತ್ತು. ಹೀಗೆ ವಿವಾಹವು ಹಕ್ಕನ್ನು ಕೊಡದೆ ಅಡ್ಡಿಯನ್ನು ಮಾತ್ರ ತರುತ್ತಿತ್ತು.

ಇದಕ್ಕೆ ಪರಿಹಾರವಾಗಿ ಕಾಂಗ್ರೆಸ್ ಸದಸ್ಯ ಜೆರೊಲ್ಡ್ ನ್ಯಾಡ್ಲರ್ 2000ದಲ್ಲಿ ಕಾಯಂ ಸಂಗಾತಿಗಳ ವಲಸೆ ಮಸೂದೆಯನ್ನು ಮಂಡಿಸಿದರು. ವಿವಾಹ ಎಂಬ ಪದವನ್ನು ಮುಟ್ಟದೆ ಕಾಯಂ ಸಂಗಾತಿ ಎಂಬ ಹೊಸ ವರ್ಗವನ್ನು ಸೇರಿಸುವುದು ಅದರ ಉಪಾಯವಾಗಿತ್ತು. ಮುಂದೆ ಹೆಸರು ಬದಲಿಸಿಕೊಂಡು ಹಲವು ಬಾರಿ ಮಂಡನೆಯಾದರೂ ಅದು ಅಂಗೀಕಾರವಾಗಲಿಲ್ಲ. 2013ರ ಮೇ ತಿಂಗಳಲ್ಲಿ ಸೆನೆಟರ್ ಪ್ಯಾಟ್ರಿಕ್ ಲೇಹಿ ಇದೇ ಆಶಯದ ತಿದ್ದುಪಡಿಯನ್ನು ಸಮಗ್ರ ವಲಸೆ ಮಸೂದೆಗೆ ಸೇರಿಸಲು ಯತ್ನಿಸಿ, ಇಡೀ ಮಸೂದೆಗೆ ಧಕ್ಕೆಯಾದೀತೆಂಬ ಒತ್ತಡದಿಂದ ಹಿಂತೆಗೆದುಕೊಂಡರು. ಮುಂದಿನ ತಿಂಗಳೇ ನ್ಯಾಯಾಲಯದ ತೀರ್ಪು ಆ ತಿದ್ದುಪಡಿಯನ್ನು ಅನಗತ್ಯವಾಗಿಸಿತು.

ವಿಂಡ್ಸರ್ ತೀರ್ಪು ಮತ್ತು ಪರಿಣಾಮ

ವಿಂಡ್ಸರ್ ಪ್ರಕರಣ ಮೂಲತಃ ತೆರಿಗೆಗೆ ಸಂಬಂಧಿಸಿದ್ದು. ನ್ಯೂಯಾರ್ಕಿನ ಈಡಿತ್ ವಿಂಡ್ಸರ್ ಮತ್ತು ಥಿಯಾ ಸ್ಪೈಯರ್ 2007ರಲ್ಲಿ ಕೆನಡಾದ ಟೊರಾಂಟೊದಲ್ಲಿ ವಿವಾಹವಾಗಿದ್ದರು. 2009ರಲ್ಲಿ ಸ್ಪೈಯರ್ ತೀರಿಕೊಂಡಾಗ, ಸಂಗಾತಿಗೆ ದೊರೆಯಬೇಕಾದ ವಿನಾಯಿತಿ ಸಿಗದೆ ವಿಂಡ್ಸರ್ 3,63,053 ಡಾಲರ್ ಪಿತ್ರಾರ್ಜಿತ ಆಸ್ತಿ ತೆರಿಗೆ ಕಟ್ಟಬೇಕಾಯಿತು. ಸರ್ವೋಚ್ಚ ನ್ಯಾಯಾಲಯವು 5-4ರ ಬಹುಮತದಿಂದ 3ನೆಯ ಪ್ರಕರಣವನ್ನು ಅಸಾಂವಿಧಾನಿಕವೆಂದು ಸಾರಿತು. ಆ ಪ್ರಕರಣ ಎಲ್ಲ ಕೇಂದ್ರ ಕಾನೂನುಗಳಿಗೂ ಅನ್ವಯಿಸುತ್ತಿದ್ದುದರಿಂದ ವಲಸೆಯ ಅಡ್ಡಗೋಡೆಯೂ ಅದರೊಡನೆ ಬಿದ್ದಿತು.

ಜಾರಿ ಶೀಘ್ರವಾಗಿ ನಡೆಯಿತು. ತೀರ್ಪು ಬಂದ ಎರಡೇ ದಿನಗಳಲ್ಲಿ ಫ್ಲಾರಿಡಾದ ದಂಪತಿಗಳ ಅರ್ಜಿಯೊಂದು ಮಂಜೂರಾಯಿತು. 2013ರ ಜುಲೈ 1ರಂದು ಆಂತರಿಕ ಭದ್ರತಾ ಕಾರ್ಯದರ್ಶಿ ಜಾನೆಟ್ ನಪೊಲಿಟಾನೊ, ಸಲಿಂಗ ಸಂಗಾತಿಗಳ ಅರ್ಜಿಗಳನ್ನು ಇತರ ಅರ್ಜಿಗಳಂತೆಯೇ ಪರಿಶೀಲಿಸಲು ಸೂಚಿಸಿದರು. ಜುಲೈ 17ರಂದು ವಲಸೆ ಮೇಲ್ಮನವಿ ಮಂಡಳಿಯು ಜೆಲೆನಿಯಾಕ್ ಪ್ರಕರಣದಲ್ಲಿ ಇದನ್ನು ಪೂರ್ವನಿದರ್ಶನವಾಗಿ ದಾಖಲಿಸಿತು. ಆಗಸ್ಟ್ 2ರಂದು ವಿದೇಶಾಂಗ ಕಾರ್ಯದರ್ಶಿ ಜಾನ್ ಕೆರಿ, ವಿದೇಶಗಳಲ್ಲಿರುವ ಅಮೆರಿಕದ ದೂತಾವಾಸಗಳಿಗೂ ಇದೇ ನಿಯಮ ಅನ್ವಯಿಸುವುದಾಗಿ ಲಂಡನ್ನಿನಲ್ಲಿ ಪ್ರಕಟಿಸಿದರು. 2022ರ ಡಿಸೆಂಬರಿನಲ್ಲಿ ಜಾರಿಗೆ ಬಂದ ವಿವಾಹ ಗೌರವ ಕಾಯಿದೆಯು 1996ರ ಕಾಯಿದೆಯನ್ನು ರದ್ದುಪಡಿಸಿತು.

ಪ್ರಸ್ತುತ ನಿಯಮಗಳು

ವಿವಾಹ ನಡೆದ ಸ್ಥಳದ ನಿಯಮ: ವಿವಾಹವು ನೆರವೇರಿದ ದೇಶ ಅಥವಾ ರಾಜ್ಯದಲ್ಲಿ ಸಿಂಧುವಾಗಿದ್ದರೆ ಸಾಮಾನ್ಯವಾಗಿ ವಲಸೆಗೂ ಸಿಂಧು. ದಂಪತಿಗಳು ವಾಸಿಸುವ ಊರಿನ ಅಥವಾ ಸ್ವದೇಶದ ಕಾನೂನು ಅದನ್ನು ಒಪ್ಪದಿದ್ದರೂ ಬಾಧಕವಿಲ್ಲ. ನಾಗರಿಕ ಸಂಗಾತಿತ್ವದ ನೋಂದಣಿಯನ್ನು ಮಾತ್ರ ವಿವಾಹವೆಂದು ಪರಿಗಣಿಸುವುದಿಲ್ಲ.

ಸಂಗಾತಿಯ ಅರ್ಜಿ: ಅಮೆರಿಕದ ಪೌರರು ಐ-130 ನಮೂನೆಯಲ್ಲಿ ಅರ್ಜಿ ಸಲ್ಲಿಸುತ್ತಾರೆ. ಪೌರರ ಸಂಗಾತಿಗಳು ಅತಿ ಸಮೀಪದ ಬಂಧುಗಳ ವರ್ಗಕ್ಕೆ ಸೇರುವುದರಿಂದ ಅವರಿಗೆ ವಾರ್ಷಿಕ ವೀಸಾ ಮಿತಿಯಿಲ್ಲ. ಕಾಯಂ ನಿವಾಸಿಗಳ ಸಂಗಾತಿಗಳು ಮಿತಿಗೊಳಪಟ್ಟ ಸರದಿಯಲ್ಲಿ ಕಾಯಬೇಕಾಗುತ್ತದೆ. ಕರೆಸಿಕೊಳ್ಳುವವರು ಸಾಮಾನ್ಯವಾಗಿ ಬಡತನ ರೇಖೆಯ ಶೇ. 125ರಷ್ಟು ಆದಾಯವನ್ನು ತೋರಿಸಬೇಕು.

ನೈಜತೆಯ ಪುರಾವೆ: ವಿವಾಹವು ವೀಸಾ ಪಡೆಯಲೆಂದೇ ಮಾಡಿಕೊಂಡ ನಾಟಕವಲ್ಲವೆಂದು ಸಾಬೀತುಪಡಿಸುವ ಹೊಣೆ ದಂಪತಿಗಳದ್ದು. ಜಂಟಿ ಬ್ಯಾಂಕ್ ಖಾತೆ, ಮನೆ ಬಾಡಿಗೆ ಕರಾರು, ವಿಮೆ, ಪತ್ರವ್ಯವಹಾರ, ಛಾಯಾಚಿತ್ರಗಳು ಮತ್ತು ಬಂಧುಮಿತ್ರರ ಪ್ರಮಾಣಪತ್ರಗಳನ್ನು ಒಪ್ಪಿಸಬಹುದು. ಈ ನಿಯಮ ಎಲ್ಲ ದಂಪತಿಗಳಿಗೂ ಒಂದೇ. ಆದರೆ ತಮ್ಮ ಸಂಬಂಧವನ್ನು ಮನೆಯವರಿಂದಲೂ ಊರಿನವರಿಂದಲೂ ಮುಚ್ಚಿಟ್ಟು ಬದುಕಿದವರ ಬಳಿ ಇಂತಹ ದಾಖಲೆಗಳು ಇರುವುದು ವಿರಳ. ಸುರಕ್ಷತೆಗಾಗಿ ಬಚ್ಚಿಟ್ಟ ಬಾಳ್ವೆಯೇ ಕಚೇರಿಯಲ್ಲಿ ಪುರಾವೆಯ ಕೊರತೆಯಾಗಿ ಕಾಣುತ್ತದೆ. ಆದ್ದರಿಂದ ಅಂಥವರು ದಾಖಲೆಗಳಿಲ್ಲದಿರಲು ಕಾರಣವನ್ನು ಲಿಖಿತವಾಗಿ ವಿವರಿಸುವುದು ವಾಡಿಕೆ.

ಷರತ್ತುಬದ್ಧ ನಿವಾಸ: ಕಾಯಂ ನಿವಾಸ ದೊರೆಯುವಾಗ ವಿವಾಹವಾಗಿ ಎರಡು ವರ್ಷ ಆಗಿರದಿದ್ದರೆ ಮೊದಲು ಎರಡು ವರ್ಷದ ಷರತ್ತುಬದ್ಧ ಗ್ರೀನ್ ಕಾರ್ಡ್ ಸಿಗುತ್ತದೆ. ಅದು ಮುಗಿಯುವ ಮೊದಲಿನ 90 ದಿನಗಳೊಳಗೆ ಷರತ್ತು ತೆಗೆಯುವಂತೆ ಇಬ್ಬರೂ ಸೇರಿ ಅರ್ಜಿ ಸಲ್ಲಿಸಬೇಕು. ಪೌರ ಸಂಗಾತಿಯೊಡನೆ ಬಾಳುತ್ತಿರುವವರು ಸಾಮಾನ್ಯವಾಗಿ ಮೂರು ವರ್ಷಗಳ ಕಾಯಂ ನಿವಾಸದ ನಂತರ ಪೌರತ್ವಕ್ಕೆ ಅರ್ಜಿ ಹಾಕಬಹುದು.

ಕೆ-1 ವೀಸಾ: ಪೌರರು ತಾವು ವಿವಾಹವಾಗಲಿರುವವರನ್ನು ಈ ವೀಸಾದಲ್ಲಿ ಕರೆಸಿಕೊಳ್ಳಬಹುದು. ಬಂದ 90 ದಿನಗಳೊಳಗೆ ವಿವಾಹ ನಡೆಯಬೇಕು. ಸಾಮಾನ್ಯವಾಗಿ ಅರ್ಜಿಗೆ ಹಿಂದಿನ ಎರಡು ವರ್ಷಗಳಲ್ಲಿ ಇಬ್ಬರೂ ಒಮ್ಮೆಯಾದರೂ ಪ್ರತ್ಯಕ್ಷ ಭೇಟಿಯಾಗಿರಬೇಕು. ಸ್ವದೇಶದಲ್ಲಿ ವಿವಾಹಕ್ಕೆ ಅವಕಾಶವಿಲ್ಲದವರಿಗೆ ಈ ಮಾರ್ಗ ವಿಶೇಷವಾಗಿ ಉಪಯುಕ್ತ.

ಭಾರತೀಯರಿಗೆ ಸಂಬಂಧಿಸಿದಂತೆ

ಭಾರತದ ಸರ್ವೋಚ್ಚ ನ್ಯಾಯಾಲಯವು 2018ರ ಸೆಪ್ಟೆಂಬರ್ 6ರಂದು ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧವನ್ನು ಭಾರತೀಯ ದಂಡಸಂಹಿತೆಯ 377ನೆಯ ಕಲಮಿನ ವ್ಯಾಪ್ತಿಯಿಂದ ಹೊರಗಿಟ್ಟಿತು. ಆದರೆ 2023ರ ಅಕ್ಟೋಬರ್ 17ರಂದು ಸುಪ್ರಿಯೊ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠವು ಸಲಿಂಗ ವಿವಾಹಕ್ಕೆ ಮಾನ್ಯತೆ ನೀಡಲು ನಿರಾಕರಿಸಿ, ಅದು ಶಾಸಕಾಂಗಕ್ಕೆ ಸೇರಿದ ವಿಷಯವೆಂದು ಹೇಳಿತು. ಹೀಗಾಗಿ ಬೆಂಗಳೂರಿನಿಂದ ಎಚ್-1ಬಿ ವೀಸಾದಲ್ಲಿ ತೆರಳುವ ತಂತ್ರಜ್ಞರೊಬ್ಬರು ತಮ್ಮ ಸಲಿಂಗ ಸಂಗಾತಿಗೆ ಅವಲಂಬಿತರ ಎಚ್-4 ವೀಸಾ ಕೋರಬೇಕಾದರೆ, ಇಂತಹ ವಿವಾಹಕ್ಕೆ ಅವಕಾಶವಿರುವ ಬೇರೆ ದೇಶದಲ್ಲಿ ಮೊದಲು ವಿವಾಹವಾಗಬೇಕು. ಆ ವಿವಾಹಕ್ಕೆ ಭಾರತದಲ್ಲಿ ಮಾನ್ಯತೆಯಿಲ್ಲದಿದ್ದರೂ ಅಮೆರಿಕದ ವೀಸಾಕ್ಕೆ ಅದು ಸಾಕಾಗುತ್ತದೆ.

ವಿರುದ್ಧ ದಿಕ್ಕಿನ ಪ್ರಯಾಣ ಹೆಚ್ಚು ಕಷ್ಟಕರ. ಪೌರತ್ವ ಕಾಯಿದೆಯ 7ಎ ಪ್ರಕರಣದಂತೆ ಭಾರತೀಯ ಪೌರರ ಅಥವಾ ಸಾಗರೋತ್ತರ ಭಾರತೀಯ ನಾಗರಿಕರ ವಿದೇಶಿ ಮೂಲದ ಸಂಗಾತಿಯು, ವಿವಾಹ ನೋಂದಣಿಯಾಗಿ ಎರಡು ವರ್ಷ ಮುಂದುವರಿದಿದ್ದರೆ, ಒಸಿಐ ಕಾರ್ಡಿಗೆ ಅರ್ಜಿ ಸಲ್ಲಿಸಬಹುದು. ಈ ಪ್ರಕರಣದಲ್ಲಿ ಸಂಗಾತಿಯ ಲಿಂಗದ ಉಲ್ಲೇಖವಿಲ್ಲವೆಂಬ ವಾದವನ್ನು ಮುಂದಿಟ್ಟು ಸಲಿಂಗ ದಂಪತಿಗಳು 2021ರಲ್ಲಿ ದೆಹಲಿ ಉಚ್ಚ ನ್ಯಾಯಾಲಯದ ಮೊರೆಹೊಕ್ಕಿದ್ದರು. 2023ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಸಲಿಂಗ ವಿವಾಹದ ಅರ್ಜಿಗಳನ್ನೆಲ್ಲ ತನಗೇ ವರ್ಗಾಯಿಸಿಕೊಂಡಿತು.

ಇತರ ದೇಶಗಳಲ್ಲಿ

ಕೆಲವು ದೇಶಗಳು ವಿವಾಹಕ್ಕಿಂತ ಮೊದಲೇ ವಲಸೆಗೆ ದಾರಿ ಮಾಡಿಕೊಟ್ಟವು. ಆಸ್ಟ್ರೇಲಿಯವು 1991ರಲ್ಲಿ ಪರಸ್ಪರಾವಲಂಬನೆಯ ವೀಸಾ ವರ್ಗವನ್ನು ಆರಂಭಿಸಿತು. ಬ್ರಿಟನ್ 1997ರಲ್ಲಿ ಅವಿವಾಹಿತ ಸಂಗಾತಿಗಳಿಗೆ ರಿಯಾಯಿತಿ ನೀಡಿತು. ಐರೋಪ್ಯ ಒಕ್ಕೂಟದ ನ್ಯಾಯಾಲಯವು 2018ರ ಜೂನ್ 5ರಂದು ಕೋಮನ್ ಪ್ರಕರಣದಲ್ಲಿ, ಸಲಿಂಗ ವಿವಾಹವನ್ನು ಒಪ್ಪದ ರೊಮೇನಿಯದಂತಹ ಸದಸ್ಯ ರಾಷ್ಟ್ರವೂ ಒಕ್ಕೂಟದ ಪೌರರ ಸಂಗಾತಿಗೆ ವಾಸದ ಹಕ್ಕನ್ನು ನಿರಾಕರಿಸುವಂತಿಲ್ಲವೆಂದು ತೀರ್ಪಿತ್ತಿತು. ಅದೇ ವರ್ಷದ ಜುಲೈ 4ರಂದು ಹಾಂಗ್‌ಕಾಂಗ್‌ನ ಅಂತಿಮ ಮೇಲ್ಮನವಿ ನ್ಯಾಯಾಲಯವು, ಉದ್ಯೋಗ ವೀಸಾ ಹೊಂದಿದವರ ಸಲಿಂಗ ಸಂಗಾತಿಗೆ ಅವಲಂಬಿತರ ವೀಸಾ ನಿರಾಕರಿಸುವುದು ತಾರತಮ್ಯವೆಂದು ಹೇಳಿತು. ವಿವಾಹಕ್ಕೆ ಮಾನ್ಯತೆ ನೀಡುವುದೂ ವಾಸಕ್ಕೆ ಅನುಮತಿ ನೀಡುವುದೂ ಕಾನೂನಿನಲ್ಲಿ ಬೇರೆ ಬೇರೆ ಪ್ರಶ್ನೆಗಳೆಂಬುದನ್ನು ಈ ಎರಡು ತೀರ್ಪುಗಳು ಸ್ಪಷ್ಟಪಡಿಸಿದವು.

ಇದನ್ನೂ ನೋಡಿ

ಸಲಿಂಗ ವಿವಾಹ
ಅಮೆರಿಕ ಸಂಯುಕ್ತ ಸಂಸ್ಥಾನದ ಸರ್ವೋಚ್ಚ ನ್ಯಾಯಾಲಯ
ಭಾರತೀಯ ದಂಡಸಂಹಿತೆಯ 377ನೆಯ ಕಲಮು
ವಿಶೇಷ ವಿವಾಹ ಕಾಯಿದೆ, 1954