ಮೊಳೆತರೆ ಸಾಲದು, ಬೀಜಕ್ಕೆ ಕಸುವೂ ಬೇಕು

ಬಿತ್ತನೆ ಸೋಯಾಬೀನ್ ಕೊಳ್ಳುವ ರೈತ ಚೀಲದ ಚೀಟಿಯಲ್ಲಿ ಮೊದಲು ಹುಡುಕುವುದು ಮೊಳಕೆ ಪ್ರಮಾಣವನ್ನು. ನಮ್ಮ ಪ್ರಮಾಣೀಕರಣ ಮಾನದಂಡದ ಪ್ರಕಾರ ಅದು ಕನಿಷ್ಠ ಶೇ 70 ಇರಬೇಕು. ಆದರೆ ಈ ಅಂಕಿ ಸಿಗುವುದು ಪ್ರಯೋಗಾಲಯದ ಹದವಾದ ಶಾಖ, ಹದವಾದ ತೇವದಲ್ಲಿ ಬೀಜವನ್ನು ಎಂಟು ದಿನ ಇಟ್ಟು ಎಣಿಸಿದಾಗ. ಬೀದರ್, ಬೆಳಗಾವಿ, ಧಾರವಾಡದ ಹೊಲಗಳಲ್ಲಿ ಜೂನ್ ತಿಂಗಳು ಅಷ್ಟು ಉದಾರಿಯಲ್ಲ. ಬಿತ್ತಿದ ಮರುದಿನವೇ ಜಡಿಮಳೆ ಹೊಡೆದು ಮಣ್ಣು ಹೆಪ್ಪುಗಟ್ಟಬಹುದು, ಇಲ್ಲವೇ ಮಳೆ ಕೈಕೊಟ್ಟು ತೇವ ಆರಬಹುದು. ಚೀಟಿಯಲ್ಲಿ ಒಂದೇ ಅಂಕಿಯಿರುವ ಎರಡು ಬೀಜರಾಶಿಗಳಲ್ಲಿ ಒಂದು ಸಾಲು ತುಂಬಿ ಏಳುತ್ತದೆ, ಇನ್ನೊಂದು ಅಲ್ಲೊಂದು ಇಲ್ಲೊಂದು ತಲೆಯೆತ್ತುತ್ತದೆ. ಈ ಅಂತರಕ್ಕೆ ಕಾರಣ ಬೀಜದ ಕಸುವು. ಅದನ್ನೂ ಅಳೆದು ರೈತನಿಗೆ ತಿಳಿಸಬೇಕು.

ಸೋಯಾಬೀನಿಗೆ ಈ ಮಾತು ಹೆಚ್ಚು ಸಲ್ಲುತ್ತದೆ. ಇದರ ಸಿಪ್ಪೆ ತೆಳು, ಮೊಳಕೆಬೇರು ಸಿಪ್ಪೆಯ ಕೆಳಗೇ ಇರುತ್ತದೆ. ಒಕ್ಕಣೆ ಯಂತ್ರದ ಒಂದು ಹೊಡೆತಕ್ಕೆ ಹೊರಗೆ ಕಾಣದ ಬಿರುಕು ಬೀಳಬಹುದು. ಸುಮಾರು ಶೇ 20ರಷ್ಟು ಎಣ್ಣೆಯಿರುವ ಈ ಕಾಳು ಅಕ್ಟೋಬರಿನಿಂದ ಜೂನ್‌ವರೆಗೆ ಗೋದಾಮಿನಲ್ಲಿ ಬೇಸಿಗೆ ಕಳೆಯಬೇಕು. ಆಗ ಎಣ್ಣೆಯಂಶ ಕೆಡುತ್ತಾ ಜೀವಕೋಶಗಳ ಪೊರೆ ಸಡಿಲವಾಗುತ್ತದೆ. ಮೊಳೆಯುವ ಶಕ್ತಿ ಹೋಗುವುದು ಕೊನೆಗೆ, ಅದಕ್ಕೂ ಎಷ್ಟೋ ಮೊದಲೇ ಕಸುವು ಕುಗ್ಗಿರುತ್ತದೆ.

ಅದನ್ನು ಹಿಡಿಯುವ ವಿಧಾನಗಳು ಕಷ್ಟದವಲ್ಲ. ಹೆಸರಾದದ್ದು ವೇಗವರ್ಧಿತ ಮುಪ್ಪಿನ ಪರೀಕ್ಷೆ: ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯ ತಳದಲ್ಲಿ ನೀರು, ಅದರ ಮೇಲೆ ತಂತಿಜಾಲರಿ, ಜಾಲರಿಯ ಮೇಲೆ ಒಂದೇ ಪದರವಾಗಿ ಹರಡಿದ ಬೀಜ. 41 ಡಿಗ್ರಿ ಸೆಲ್ಸಿಯಸ್‌ನಲ್ಲಿ 72 ಗಂಟೆ ಈ ಉಗಿಸೆಕೆ ತಿಂದ ಮೇಲೆ ಮಾಮೂಲಿನಂತೆ ಮೊಳಕೆಗೆ ಇಡುತ್ತಾರೆ. ಗಟ್ಟಿ ಬೀಜ ತಡೆದುಕೊಂಡು ಮೊಳೆಯುತ್ತದೆ, ಬಸವಳಿದದ್ದು ಕೊಳೆಯುತ್ತದೆ. ಇನ್ನೊಂದು ವಿಧಾನದಲ್ಲಿ 50 ಬೀಜಗಳನ್ನು ಶುದ್ಧ ನೀರಿನಲ್ಲಿ 24 ಗಂಟೆ ನೆನೆಸಿ, ಆ ನೀರಿನ ವಿದ್ಯುತ್ ವಾಹಕತೆ ಅಳೆಯುತ್ತಾರೆ. ಪೊರೆ ಸಡಿಲವಾದಷ್ಟೂ ಬೀಜದೊಳಗಿನ ಲವಣಗಳು ನೀರಿಗೆ ಸೋರಿ ವಾಹಕತೆ ಏರುತ್ತದೆ. ಟೆಟ್ರಜೋಲಿಯಂ ಪರೀಕ್ಷೆ ಇನ್ನೂ ಆಳಕ್ಕಿಳಿಯುತ್ತದೆ. ನೆನೆದ ಬೀಜವನ್ನು ಈ ದ್ರಾವಣದಲ್ಲಿಟ್ಟು ಸೀಳಿದರೆ ಜೀವಂತ ಭಾಗ ತಿಳಿಗೆಂಪಾಗಿ, ದಣಿದ ಭಾಗ ಕಡುಗೆಂಪಾಗಿ, ಸತ್ತ ಭಾಗ ಬಿಳಿಯಾಗಿ ಕಾಣುತ್ತದೆ. ಕಲೆಯ ಆಕಾರ, ಜಾಗ ನೋಡಿ ಪೆಟ್ಟು ಯಂತ್ರದ್ದೋ, ತಿಗಣೆಯದ್ದೋ, ಮಳೆಯದ್ದೋ ಎಂದು ಪಳಗಿದವರು ಹೇಳಬಲ್ಲರು. ಬ್ರೆಜಿಲ್‌ನ ಸೋಯಾಬೀನ್ ಬೀಜೋದ್ಯಮ ಈ ಪರೀಕ್ಷೆಯನ್ನು ವ್ಯಾಪಕವಾಗಿ ಬಳಸುತ್ತದೆ.

ಫಲಿತಾಂಶ ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಬದಲಾಗುತ್ತದೆ ಎಂಬುದು ಮೊದಲ ಆಕ್ಷೇಪ. ತಾಪಮಾನ ಒಂದು ಡಿಗ್ರಿ ತಪ್ಪಿದರೂ ವ್ಯತ್ಯಾಸವಾಗುವುದು ನಿಜ. ಆದರೆ ಸೋಯಾಬೀನಿನ ಮುಪ್ಪಿನ ಪರೀಕ್ಷೆ ಅಂತರರಾಷ್ಟ್ರೀಯ ಬೀಜ ಪರೀಕ್ಷಾ ಸಂಘದ ನಿಯಮಾವಳಿಯಲ್ಲೇ ಇದೆ. ಶಿಸ್ತಾಗಿ ಪಾಲಿಸಿದರೆ ನಂಬಬಹುದು. ತಪ್ಪು ಬೀಜದ್ದಲ್ಲ, ಮಳೆಯದ್ದು ಎಂಬ ವಾದವೂ ಇದೆ. ಮಳೆಯ ಪಾತ್ರವಿದೆ, ಆದರೆ ಹಿಂದಿನ ಕೊಯ್ಲಿನ ಮಳೆಯೂ ಬೀಜದೊಳಗೆ ಉಳಿದಿರುತ್ತದೆ. 2019ರ ಕೊಯ್ಲಿನ ಹೊತ್ತಿಗೆ ಮಹಾರಾಷ್ಟ್ರದಲ್ಲಿ ಅಕಾಲಿಕ ಮಳೆ ಸುರಿದಿತ್ತು. 2020ರ ಮುಂಗಾರಿನಲ್ಲಿ ಸೋಯಾಬೀನ್ ಮೊಳೆಯಲಿಲ್ಲವೆಂಬ ದೂರುಗಳು ಅಲ್ಲಿ ಎಷ್ಟು ಬಂದವೆಂದರೆ, ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ವಿಷಯವನ್ನು ತಾನಾಗಿಯೇ ಕೈಗೆತ್ತಿಕೊಂಡಿತು. ಬಿಗಿ ಮಾಡಿದರೆ ಬೀಜದ ಕೊರತೆಯಾದೀತು ಎಂಬುದು ಮೂರನೆಯ ಆತಂಕ. ಕಸುವು ಕಡಿಮೆಯಾದ ಬೀಜವನ್ನೆಲ್ಲ ತಿರಸ್ಕರಿಸಬೇಕಿಲ್ಲ. ಚೀಟಿಯಲ್ಲಿ ಸತ್ಯ ಬರೆದರೆ ರೈತ ಹದ ನೋಡಿ ಬಿತ್ತುತ್ತಾನೆ, ಬೀಜದ ಪ್ರಮಾಣ ಹೆಚ್ಚಿಸುತ್ತಾನೆ. ತೀರಾ ಕುಗ್ಗಿದ್ದು ಎಣ್ಣೆ ಗಿರಣಿಗೆ ಹೋಗಲಿ.

ಕೊಯ್ಲಾದ ಕೂಡಲೇ ಮಾಡಿದ ಪರೀಕ್ಷೆಯೊಂದನ್ನೇ ನೆಚ್ಚಿಕೊಳ್ಳಬಾರದು. ಬೇಸಿಗೆ ಕಳೆದು, ಬೀಜ ವಿತರಣೆಗೆ ಮುಂಚೆ, ಪ್ರತಿ ಬೀಜರಾಶಿಯ ಕಸುವನ್ನು ಮತ್ತೊಮ್ಮೆ ಅಳೆಯಬೇಕು, ಆ ಅಂಕಿ ಮೊಳಕೆ ಪ್ರಮಾಣದ ಪಕ್ಕದಲ್ಲೇ ಅಚ್ಚಾಗಬೇಕು. ಮರುಬಿತ್ತನೆಯೆಂದರೆ ಮತ್ತೆ ಬೀಜ, ಮತ್ತೆ ಗೊಬ್ಬರ, ಮತ್ತೆ ಕೂಲಿ, ಜೊತೆಗೆ ಕೈಜಾರಿದ ಹದ. ಅಷ್ಟು ನಷ್ಟ ತಡೆಯಲು ಮೂರು ದಿನದ ಮುಪ್ಪು, ಮತ್ತೆಂಟು ದಿನದ ಮೊಳಕೆ ಎಣಿಕೆ ದೊಡ್ಡ ವೆಚ್ಚವೇನಲ್ಲ.