ಓಟ ಕಲಿಸಿದ ಸಮಾಜಶಾಸ್ತ್ರದ ಮೇಷ್ಟ್ರು

ನಮ್ಮ ಕಾಲೇಜುಗಳ ಅಧ್ಯಾಪಕ ವೃಂದದಲ್ಲಿ ದೈಹಿಕ ಶಿಕ್ಷಣದ ಅಧ್ಯಾಪಕರಿಗೆ ಸಂದಿರುವ ಸ್ಥಾನ ವಿಚಿತ್ರವಾದುದು. ಗಣರಾಜ್ಯೋತ್ಸವದ ಕವಾಯತಿಗೆ ಅವರು ಬೇಕು. ವಾರ್ಷಿಕೋತ್ಸವದ ದಿನ ಗಲಭೆ ಮಾಡುವ ಹುಡುಗರನ್ನು ಗದರಿಸಿ ಕೂರಿಸುವುದಕ್ಕೆ ಅವರೇ ಬೇಕು. ಆದರೆ ವಿದ್ಯೆ, ಪಾಂಡಿತ್ಯ, ಫಲಿತಾಂಶಗಳ ಮಾತು ಬಂದಿತೆಂದರೆ ಅವರ ಕುರ್ಚಿ ತಾನಾಗಿಯೇ ಕೊಠಡಿಯ ಮೂಲೆಗೆ ಸರಿಯುತ್ತದೆ. ‘ಡ್ರಿಲ್ ಮೇಷ್ಟ್ರು’ ಎಂಬ ಹೆಸರಿನಲ್ಲಿ ಸಲಿಗೆಯೂ ಇದೆ, ತುಸು ತಾತ್ಸಾರವೂ ಇದೆ. ನಮ್ಮ ಕಾವ್ಯಪರಂಪರೆಯಲ್ಲಿ ಗುರು ಎಂದೊಡನೆ ನೆನಪಿಗೆ ಬರುವ ದ್ರೋಣಾಚಾರ್ಯನು ಕಲಿಸಿದ್ದು ಛಂದಸ್ಸನ್ನಲ್ಲ, ವ್ಯಾಕರಣವನ್ನಲ್ಲ, ಬಿಲ್ಲುವಿದ್ಯೆಯನ್ನು. ಇದನ್ನು ತರಗತಿಯಲ್ಲಿ ಪಾಠ ಹೇಳುವ ನಾವೇ ಮೈದಾನದಲ್ಲಿ ನಿಂತಿರುವ ಸಹೋದ್ಯೋಗಿಯನ್ನು ಗುರುವೆಂದು ಎಣಿಸುವುದಕ್ಕೆ ಹಿಂದುಮುಂದು ನೋಡುತ್ತೇವೆ.

ನಮ್ಮ ಕಾಲೇಜಿನಲ್ಲಿ ಹಲವು ವರ್ಷ ಆ ಹುದ್ದೆಯಲ್ಲಿದ್ದು ಈಗ ನಿವೃತ್ತರಾಗಿರುವ ಹಿರಿಯ ಮಿತ್ರರೊಬ್ಬರು ತಮ್ಮ ಕಸುಬಿನ ಆದರ್ಶಪುರುಷರೆಂದು ಹೆಸರಿಸುತ್ತಿದ್ದುದು ಎಡ್ ಟೆಂಪಲ್ ಎಂಬ ಅಮೆರಿಕದ ಅಧ್ಯಾಪಕರನ್ನು. ವಿಲ್ಮಾ ರುಡಾಲ್ಫಳನ್ನು ಲೋಕವೆಲ್ಲ ಬಲ್ಲದು, ಅವಳ ಮೇಷ್ಟ್ರನ್ನು ಬಲ್ಲವರು ಎಷ್ಟು ಮಂದಿ ಎಂಬುದು ಅವರ ನಿತ್ಯದ ದೂರು. ಆ ಮಾತಿನ ಎಳೆ ಹಿಡಿದು ರುಡಾಲ್ಫ್ 1977ರಲ್ಲಿ ಪ್ರಕಟಿಸಿದ ಆತ್ಮಕಥೆ, ವಯೋಮಿಯಾ ಟೈಯಸ್ 2018ರಲ್ಲಿ ಪ್ರಕಟಿಸಿದ ನೆನಪುಗಳು, ಇವುಗಳ ಜಾಡಿನಲ್ಲಿ ನಡೆದಂತೆ ನನಗೆ ಪರಿಚಯವಾದದ್ದು ಬರಿಯ ಓಟದ ತರಬೇತುದಾರರೊಬ್ಬರಲ್ಲ. ನಮ್ಮಂತೆಯೇ ಹಾಜರಿ ಪುಸ್ತಕ ಹಿಡಿದು ತರಗತಿಗೆ ಹೋಗುತ್ತಿದ್ದ ಒಬ್ಬ ಮೇಷ್ಟ್ರು.

ಎಡ್ವರ್ಡ್ ಸ್ಟ್ಯಾನ್ಲಿ ಟೆಂಪಲ್ ಹುಟ್ಟಿದ್ದು 1927ರಲ್ಲಿ, ಪೆನ್ಸಿಲ್ವೇನಿಯಾದ ಹ್ಯಾರಿಸ್‌ಬರ್ಗಿನಲ್ಲಿ. ಕಪ್ಪು ಜನಾಂಗದವರು. ಓದಲೆಂದು ದಕ್ಷಿಣದ ನ್ಯಾಶ್‌ವಿಲ್ ನಗರಕ್ಕೆ ಬಂದರು. ಅಲ್ಲಿ ಅವರು ಸೇರಿದ್ದು ಕಪ್ಪು ಜನಾಂಗದ ವಿದ್ಯಾರ್ಥಿಗಳಿಗಾಗಿಯೇ ಸ್ಥಾಪಿತವಾಗಿದ್ದ ಸಂಸ್ಥೆ. ಇಂದು ಅದನ್ನು ಟೆನೆಸ್ಸಿ ರಾಜ್ಯ ವಿಶ್ವವಿದ್ಯಾನಿಲಯವೆಂದು ಕರೆಯುತ್ತಾರೆ. 1950ರಲ್ಲಿ ಪದವಿ ಮುಗಿಯುತ್ತಿದ್ದಂತೆ ಹೆಣ್ಣುಮಕ್ಕಳ ಓಟದ ತಂಡವನ್ನು ನೋಡಿಕೊಳ್ಳುವ ಕೆಲಸ ಅವರ ಪಾಲಿಗೆ ಬಂದಿತು. ಸಂಬಳ ತಿಂಗಳಿಗೆ 150 ಡಾಲರು. ಅಷ್ಟಕ್ಕೆ ತಂಡದ ಹೊಣೆಯೊಂದೇ ಸಾಲದೆಂದು ಕಾಲೇಜಿನ ಅಂಚೆಮನೆಯನ್ನು ನಡೆಸುವ ಕೆಲಸವನ್ನೂ ಸೇರಿಸಿದ್ದರು. ಟೆಂಪಲ್ಲರು ಕಾಗದ ವಿಂಗಡಿಸಿದರು, ಸ್ನಾತಕೋತ್ತರ ತರಗತಿಗಳಿಗೆ ಹೋದರು, ಉಳಿದ ಹೊತ್ತಿನಲ್ಲಿ ಓಟ ಕಲಿಸಿದರು. ಮುಂದೆ ಅಲ್ಲಿಯೇ ಸಮಾಜಶಾಸ್ತ್ರದ ಅಧ್ಯಾಪಕರೂ ಆದರು. ಅವರ ಪತ್ನಿ ಚಾರ್ಲಿ ಬಿ. ಟೆಂಪಲ್ ಅಂಚೆಮನೆಯ ಕೆಲಸದಲ್ಲಿ ನೆರವಾದರು. ದೂರದ ಊರುಗಳಿಂದ ಬಂದ ಹುಡುಗಿಯರಿಗೆ ತಾಯಿಯ ಸ್ಥಾನದಲ್ಲಿ ನಿಂತರು. ತಂಡದ ಇತಿಹಾಸದಲ್ಲಿ ಈ ತಾಯಿಯ ಹೆಸರು ಇನ್ನೂ ದೊಡ್ಡ ಅಕ್ಷರಗಳಲ್ಲಿ ಬರಬೇಕಾಗಿತ್ತೆಂದು ನನ್ನ ಅನಿಸಿಕೆ.

ತಂಡಕ್ಕೆ ‘ಟೈಗರ್‌ಬೆಲ್ಸ್’ ಎಂಬ ಸೊಗಸಾದ ಹೆಸರಿತ್ತು. ಸೊಗಸು ಹೆಸರಿನಲ್ಲಿ ಮಾತ್ರ. ಓಡುವ ಪಥ ಮಣ್ಣಿನದು, ಗೆರೆಗಳಿಲ್ಲದ್ದು. ಆಟಗಾರ್ತಿಯರೆಂದು ವಿದ್ಯಾರ್ಥಿವೇತನ ಕೊಡುವ ಪದ್ಧತಿ ಬಹುಕಾಲ ಅಲ್ಲಿರಲಿಲ್ಲ. ದಿನಕ್ಕೆ 2 ಗಂಟೆ ಕಾಲೇಜಿನಲ್ಲಿ ದುಡಿದರೆ ಶುಲ್ಕಕ್ಕೂ ಊಟಕ್ಕೂ ದಾರಿ. ಬೆಳಗ್ಗೆ ಓಟ, ಆಮೇಲೆ ಪಾಠ, ನಡುವೆ ಕೆಲಸ, ಸಂಜೆ ಮತ್ತೆ ಓಟ. ಒಲಿಂಪಿಕ್ಸಿನಲ್ಲಿ ಪದಕ ಗೆದ್ದು ಹಿಂದಿರುಗಿದವಳಿಗೂ ಈ ದಿನಚರಿ ತಪ್ಪುತ್ತಿರಲಿಲ್ಲ.

ಸ್ಪರ್ಧೆಗೆಂದು ಹೊರಡುವುದೇ ಒಂದು ಅಗ್ನಿಪರೀಕ್ಷೆಯಾಗಿತ್ತು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ವರ್ಣಭೇದವು ಕಾನೂನಿನ ಬಲದಿಂದ ಆಳುತ್ತಿದ್ದ ಕಾಲ ಅದು. ದಾರಿಯ ಹೋಟೆಲುಗಳಲ್ಲಿ ಕಪ್ಪು ಜನರಿಗೆ ಎಡೆಯಿಲ್ಲ. ಶೌಚಾಲಯದ ಬಾಗಿಲೂ ತೆರೆಯದು. ಟೆಂಪಲ್ಲರು ಹುಡುಗಿಯರನ್ನು ಕಾರಿನಲ್ಲಿ ಕೂರಿಸಿಕೊಂಡು, ಬುತ್ತಿ ಕಟ್ಟಿಸಿಕೊಂಡು, ನೂರಾರು ಮೈಲಿ ತಾವೇ ನಡೆಸಿಕೊಂಡು ಹೋಗುತ್ತಿದ್ದರು. ದೇಹಬಾಧೆಗೆ ಹೊಲದ ಮರೆಯೇ ಗತಿ. ದೇಶದ ಪರವಾಗಿ ಓಡಬೇಕಾದ ಹೆಣ್ಣುಮಕ್ಕಳನ್ನು ಆ ದೇಶವೇ ಹೊಲದ ಅಂಚಿನಲ್ಲಿ ಇಳಿಸಿತು. ಅಸ್ಪೃಶ್ಯತೆಯ ನಾಡಿನಲ್ಲಿ ಹುಟ್ಟಿ ಬೆಳೆದ ನಮಗೆ ಇದನ್ನು ವಿವರಿಸಿ ಹೇಳಬೇಕಾದ ಅಗತ್ಯವಿಲ್ಲ. ಕೆರೆಯ ನೀರು, ಹೋಟೆಲಿನ ಬೇರೆ ಲೋಟ, ಇವುಗಳ ಕಥೆ ನಮ್ಮದೇ.

ಇಂತಹ ಸ್ಥಿತಿಯಲ್ಲಿ ಟೆಂಪಲ್ ಮಾಡಿದ ಮುಖ್ಯ ಕಾರ್ಯವೆಂದರೆ ಬೇಸಗೆಯ ಶಿಬಿರ. ಪ್ರೌಢಶಾಲೆಯಲ್ಲಿ ಓದುತ್ತಿದ್ದ, ಕಾಲಿನಲ್ಲಿ ವೇಗವಿದ್ದು ಕೈಯಲ್ಲಿ ಕಾಸಿಲ್ಲದ ಹುಡುಗಿಯರನ್ನು ಆರಿಸಿ ರಜೆಯಲ್ಲಿ ನ್ಯಾಶ್‌ವಿಲ್ಲಿಗೆ ಕರೆಸಿಕೊಳ್ಳುತ್ತಿದ್ದರು. ವಿಲ್ಮಾ ರುಡಾಲ್ಫ್ ಬಂದದ್ದು ಹೀಗೆಯೇ. ಕ್ಲಾರ್ಕ್ಸ್‌ವಿಲ್ ಎಂಬ ಊರಿನ, 22 ಮಕ್ಕಳ ಮನೆಯಲ್ಲಿ ಇಪ್ಪತ್ತನೆಯವಳಾಗಿ ಬೆಳೆದ ಹುಡುಗಿ ಆಕೆ. ಎಳೆತನದಲ್ಲಿ ಪೋಲಿಯೋ ತಗುಲಿ ಕಾಲಿಗೆ ಲೋಹದ ಕಟ್ಟು ಹಾಕಿಕೊಂಡು ನಡೆದವಳು; ಮನೆಯವರು ಸರದಿಯಂತೆ ಕಾಲು ತಿಕ್ಕಿ ತಿಕ್ಕಿ ಅದಕ್ಕೆ ಜೀವ ತಂದರು. ಶಾಲೆಯ ಬ್ಯಾಸ್ಕೆಟ್‌ಬಾಲ್ ಪಂದ್ಯದಲ್ಲಿ ತೀರ್ಪುಗಾರರಾಗಿದ್ದ ಟೆಂಪಲ್ಲರ ಕಣ್ಣಿಗೆ ಆಕೆ ಬಿದ್ದಳು. 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ, ಇನ್ನೂ ಶಾಲೆಯಲ್ಲಿದ್ದಾಗಲೇ, 16ನೆಯ ವಯಸ್ಸಿಗೆ ರಿಲೇ ಓಟದಲ್ಲಿ ಕಂಚಿನ ಪದಕ ಪಡೆದಳು. ಆ ರಿಲೇಯಲ್ಲಿ ಅಮೆರಿಕದ ಪರವಾಗಿ ಓಡಿದ ನಾಲ್ವರೂ ಟೆಂಪಲ್ಲರ ಗರಡಿಯವರೇ. ಅವರಲ್ಲಿ ಹಿರಿಯಳಾದ ಮೇ ಫ್ಯಾಗ್ಸ್ ಅದಾಗಲೇ 1948ರ ಮತ್ತು 1952ರ ಒಲಿಂಪಿಕ್ಸುಗಳನ್ನು ಕಂಡವಳು. ಕಿರಿಯಳಿಗೆ ಅರ್ಧ ಪಾಠವನ್ನು ಮೇಷ್ಟ್ರು ಹೇಳಿದರೆ ಉಳಿದರ್ಧವನ್ನು ಈ ಅಕ್ಕ ಹೇಳಿಕೊಟ್ಟಳು.

ಟೆಂಪಲ್ಲರ ಶಿಸ್ತಿನ ವಿಷಯವಾಗಿ ಪ್ರಸಿದ್ಧವಾದ ಕಥೆಯೊಂದಿದೆ. ಒಂದು ದಿನ ರುಡಾಲ್ಫ್ ನಿದ್ದೆಹೋಗಿ ಅಭ್ಯಾಸಕ್ಕೆ 30 ನಿಮಿಷ ತಡವಾಗಿ ಬಂದಳಂತೆ. ನಿಮಿಷಕ್ಕೊಂದರಂತೆ 30 ಸುತ್ತು ಹೆಚ್ಚಾಗಿ ಓಡುವಂತೆ ಮೇಷ್ಟ್ರು ವಿಧಿಸಿದರು. ಮರುದಿನ ಆಕೆ 30 ನಿಮಿಷ ಮುಂಚಿತವಾಗಿಯೇ ಮೈದಾನದಲ್ಲಿದ್ದಳಂತೆ. ತರಬೇತುದಾರರ ಕುರಿತ ಕಥೆಗಳೆಲ್ಲ ಹೆಚ್ಚುಕಡಿಮೆ ಹೀಗೆಯೇ ಇರುತ್ತವೆ, ಕೇಳುವುದಕ್ಕೆ ಚೆನ್ನ. ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಬೇರೊಂದು ಪ್ರಸಂಗ.

ತಂಡದಲ್ಲಿ ತಾಯಂದಿರಿಗೆ ಸ್ಥಳವಿಲ್ಲವೆಂಬುದು ಟೆಂಪಲ್ಲರ ಕಟ್ಟುನಿಟ್ಟಾದ ನಿಯಮವಾಗಿತ್ತು. 1958ರಲ್ಲಿ, ಕಾಲೇಜಿಗೆ ಸೇರುವ ಮೊದಲೇ, ಮದುವೆಯಾಗದ ರುಡಾಲ್ಫ್ ಹೆಣ್ಣುಮಗುವಿಗೆ ತಾಯಿಯಾದಳು. ಆ ಕಾಲದಲ್ಲಿ, ಆ ಊರಿನಲ್ಲಿ, ಅಂತಹ ಹುಡುಗಿಯ ಓದು ಅಲ್ಲಿಗೆ ಮುಗಿಯಿತೆಂದೇ ಲೆಕ್ಕ. ನಿಯಮವನ್ನು ಮಾಡಿದವರೇ ಅದನ್ನು ಬದಿಗಿಟ್ಟರು. ಮಗುವನ್ನು ಮನೆಯವರ ಮಡಿಲಲ್ಲಿ ಬಿಟ್ಟು ಆಕೆ ಆ ವರ್ಷವೇ ಕಾಲೇಜಿಗೆ ಬಂದಳು. ವೇಗದ ಹುಡುಗಿಯನ್ನು ಕಳೆದುಕೊಳ್ಳಲಾರದೆ ಮಾಡಿದ ಔದಾರ್ಯವಿದು ಎಂದು ಯಾರಾದರೂ ಆಕ್ಷೇಪಿಸಬಹುದು. ಹಾಗಿದ್ದರೂ ಇರಲಿ. ಆದರೆ ಆಕೆ ಓಟವನ್ನು ಬಿಟ್ಟ ಮೇಲೂ ಓದನ್ನು ಬಿಡಲಿಲ್ಲವೆಂಬುದನ್ನು ಆಕ್ಷೇಪಿಸುವವರು ಮರೆಯಬಾರದು: 1962ರಲ್ಲಿ ಸ್ಪರ್ಧೆಗಳಿಂದ ನಿವೃತ್ತಳಾಗಿ, 1963ರಲ್ಲಿ ಪದವಿ ಪಡೆದು, ತನ್ನೂರಿನ ಶಾಲೆಯಲ್ಲಿ ಶಿಕ್ಷಕಿಯಾದಳು.

1960ರ ವರ್ಷವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಆ ಫೆಬ್ರವರಿಯಲ್ಲಿ ನ್ಯಾಶ್‌ವಿಲ್ಲಿನ ಕಪ್ಪು ವಿದ್ಯಾರ್ಥಿಗಳು, ಟೆಂಪಲ್ಲರ ಕಾಲೇಜಿನವರೂ ಸೇರಿದಂತೆ, ಬಿಳಿಯರಿಗೆ ಮಾತ್ರ ಮೀಸಲಾಗಿದ್ದ ಅಂಗಡಿಗಳ ಊಟದ ಕಟ್ಟೆಗಳ ಮುಂದೆ ಮೌನವಾಗಿ ಕುಳಿತು ಸತ್ಯಾಗ್ರಹ ಹೂಡಿದರು. ಗಾಂಧೀಜಿಯವರ ಮಾರ್ಗವನ್ನು ಅಭ್ಯಾಸಮಾಡಿ ಬಂದಿದ್ದ ಜೇಮ್ಸ್ ಲಾಸನ್ ಅವರಿಗೆ ಗುರುವಾಗಿದ್ದರು. ಬೈಗುಳ, ಹೊಡೆತ, ಬಂಧನ ಎಲ್ಲವೂ ಆಯಿತು. ಮೇ ತಿಂಗಳಿನಲ್ಲಿ ಆ ಕಟ್ಟೆಗಳು ಎಲ್ಲರಿಗೂ ತೆರೆದವು. ಸೆಪ್ಟೆಂಬರಿನಲ್ಲಿ ರೋಮ್ ಒಲಿಂಪಿಕ್ಸು. ಅಮೆರಿಕದ ಮಹಿಳಾ ಅಥ್ಲೆಟಿಕ್ ತಂಡಕ್ಕೆ ಮುಖ್ಯ ತರಬೇತುದಾರರು ಎಡ್ ಟೆಂಪಲ್. ರುಡಾಲ್ಫ್ 100 ಮೀಟರು, 200 ಮೀಟರು, ರಿಲೇ, ಮೂರರಲ್ಲಿಯೂ ಚಿನ್ನ ಗೆದ್ದಳು. ಒಂದೇ ಒಲಿಂಪಿಕ್ಸಿನ ಅಥ್ಲೆಟಿಕ್ಸಿನಲ್ಲಿ ಮೂರು ಚಿನ್ನ ಪಡೆದ ಮೊದಲನೆಯ ಅಮೆರಿಕದ ಮಹಿಳೆಯೆನಿಸಿದಳು. ರಿಲೇಯಲ್ಲಿ ಆಕೆಯೊಡನೆ ಓಡಿದ ಮಾರ್ಥಾ ಹಡ್ಸನ್, ಲುಸಿಂಡಾ ವಿಲಿಯಮ್ಸ್, ಬಾರ್ಬರಾ ಜೋನ್ಸ್ ಮೂವರೂ ಅದೇ ಮಣ್ಣಿನ ಪಥದಲ್ಲಿ ಓಡಿ ಬೆಳೆದವರು. ಅಕ್ಟೋಬರ್ 4ರಂದು ಕ್ಲಾರ್ಕ್ಸ್‌ವಿಲ್ ಪಟ್ಟಣವು ಆಕೆಯನ್ನು ಮೆರವಣಿಗೆಯಲ್ಲಿ ಬರಮಾಡಿಕೊಂಡಿತು. ಕಪ್ಪು ಬಿಳಿ ಎಂಬ ಬೇಲಿಯಿಲ್ಲದೆ ಜನ ಸೇರುವುದಾದರೆ ಮಾತ್ರ ಬರುತ್ತೇನೆಂದು ಆಕೆ ಹೇಳಿದ್ದಳು. ಆ ಊರಿನ ಚರಿತ್ರೆಯಲ್ಲಿ ಎಲ್ಲರೂ ಒಟ್ಟಾಗಿ ಸೇರಿದ ಮೊದಲನೆಯ ಸಾರ್ವಜನಿಕ ಸಮಾರಂಭ ಅದೇ ಆಯಿತು.

ರುಡಾಲ್ಫಳ ಪ್ರಭೆಯಲ್ಲಿ ಮಿಕ್ಕವರು ಮಸುಕಾಗಬಾರದು. ಜಾರ್ಜಿಯಾದ ಗ್ರಿಫಿನ್ ಎಂಬ ಊರಿನಿಂದ, ಹೈನುಗಾರಿಕೆಯ ಹೊಲದಲ್ಲಿ ದುಡಿಯುತ್ತಿದ್ದ ತಂದೆಯನ್ನು ಆಗತಾನೆ ಕಳೆದುಕೊಂಡಿದ್ದ ವಯೋಮಿಯಾ ಟೈಯಸ್ ಬೇಸಗೆಯ ಶಿಬಿರಕ್ಕೆ ಬಂದಳು. ಮಾತು ಬಹಳ ಕಡಮೆ. 1964ರ ಟೋಕಿಯೋದಲ್ಲಿ ಎಲ್ಲರ ನಿರೀಕ್ಷೆ ಆಕೆಯ ಗೆಳತಿ ಎಡಿತ್ ಮೆಕ್‌ಗ್ವಾಯರಳ ಮೇಲಿತ್ತು. 100 ಮೀಟರಿನಲ್ಲಿ ಟೈಯಸ್ ಮೊದಲಾದಳು, ಎಡಿತ್ ಎರಡನೆಯವಳಾದಳು. 200 ಮೀಟರಿನ ಚಿನ್ನ ಎಡಿತ್ತಳಿಗೆ ಒಲಿಯಿತು. ಒಂದೇ ಕೊಳದ ಎರಡು ತಾವರೆಗಳಂತೆ ಆ ಇಬ್ಬರ ಸ್ನೇಹ ಬಾಡಲಿಲ್ಲ. 1968ರ ಮೆಕ್ಸಿಕೋದಲ್ಲಿ ಟೈಯಸ್ ವಿಶ್ವದಾಖಲೆಯೊಡನೆ ಮತ್ತೆ ಗೆದ್ದು, ಸತತ ಎರಡು ಒಲಿಂಪಿಕ್ಸುಗಳಲ್ಲಿ 100 ಮೀಟರು ಓಟವನ್ನು ಗೆದ್ದ ಮೊದಲಿಗಳಾದಳು. ಪುರುಷರಲ್ಲಿಯೂ ಅದುವರೆಗೆ ಅದನ್ನು ಯಾರೂ ಸಾಧಿಸಿರಲಿಲ್ಲ. ಅದೇ ಕ್ರೀಡಾಕೂಟದಲ್ಲಿ ಮುಷ್ಟಿಯೆತ್ತಿ ವರ್ಣಭೇದವನ್ನು ಪ್ರತಿಭಟಿಸಿ ತಂಡದಿಂದ ಹೊರಹಾಕಿಸಿಕೊಂಡ ಟಾಮಿ ಸ್ಮಿತ್ ಮತ್ತು ಜಾನ್ ಕಾರ್ಲೋಸರಿಗೆ ಆಕೆ ತನ್ನ ರಿಲೇ ಚಿನ್ನವನ್ನು ಅರ್ಪಿಸಿದಳು.

ಟೆಂಪಲ್ಲರ ಕೈಕೆಳಗೆ ಪಳಗಿ ಒಲಿಂಪಿಕ್ಸಿಗೆ ಹೋದವರು 40 ಮಂದಿ. ಅವರು ತಂದ ಪದಕಗಳು 23, ಅವುಗಳಲ್ಲಿ ಚಿನ್ನದವು 13. ಈ ಅಂಕಿಗಳನ್ನು ಕೇಳಿದವರು ಬೆರಗಾಗುತ್ತಾರೆ. ಟೆಂಪಲ್ಲರು ಮಾತ್ರ ಹೆಚ್ಚು ಹೆಮ್ಮೆಯಿಂದ ಹೇಳುತ್ತಿದ್ದ ಅಂಕಿ ಬೇರೆ: ಆ 40 ಮಂದಿಯಲ್ಲಿ ಪದವಿ ಪಡೆದವರು 39. ಓಡುವುದಕ್ಕೆಂದು ಯಾರೂ ಅಲ್ಲಿಗೆ ಬಂದಿಲ್ಲ, ಪದವಿಗೆಂದು ಬಂದಿದ್ದಾರೆ, ಓಟ ಅದಕ್ಕೆ ದಾರಿ ಎಂಬುದು ಅವರ ನಿಲುವು. ದ್ರೋಣನು ಶಿಷ್ಯನಿಂದ ಹೆಬ್ಬೆರಳನ್ನು ಕೇಳಿ ಪಡೆದ. ಈ ಮೇಷ್ಟ್ರು ಕೇಳಿದ್ದು ಪದವಿಪತ್ರವನ್ನು. ಅದೂ ಶಿಷ್ಯೆಯ ಬಳಿಯಲ್ಲೇ ಉಳಿಯುವಂತಹುದು. ವಿದ್ಯಾರ್ಥಿಯು ಆಟಕ್ಕೆ ಸೇರಿದರೆ ಓದು ಕೆಟ್ಟಿತೆಂದು ಶೋಕಿಸುವ ನಮ್ಮ ತಂದೆತಾಯಿಗಳೂ, ಪಂದ್ಯ ಗೆದ್ದು ಬಂದ ಹುಡುಗನ ಹಾಜರಿಯ ಗೊಡವೆಗೇ ಹೋಗದ ನಮ್ಮ ಕಾಲೇಜುಗಳೂ ಈ ಅಂಕಿಯ ಮುಂದೆ ಒಂದು ಗಳಿಗೆ ನಿಲ್ಲಬಹುದು.

ಅವರ ಎಲ್ಲ ಕಟ್ಟಳೆಗಳನ್ನೂ ನಾನು ಮೆಚ್ಚಲಾರೆ. ತಮಗೆ ಬೇಕಾದುದು ಎತ್ತುಗಳಲ್ಲ, ಚೆಲುವಿನ ನರಿಗಳು ಎಂದು ಇಂಗ್ಲಿಷಿನ ಪ್ರಾಸದಲ್ಲಿ ಅವರು ಮತ್ತೆಮತ್ತೆ ಹೇಳುತ್ತಿದ್ದರು. ಓಟ ಮುಗಿದೊಡನೆ ತಲೆ ಬಾಚಿ, ಉಡುಪು ಸರಿಪಡಿಸಿಕೊಂಡ ಮೇಲೆಯೇ ಛಾಯಾಚಿತ್ರಕ್ಕೆ ನಿಲ್ಲಬೇಕು. ಓಡುವ ಹೆಣ್ಣು ಗಂಡುಬೀರಿಯೆಂದು ಹೀಯಾಳಿಸುತ್ತಿದ್ದ ಜನರ ಬಾಯಿ ಮುಚ್ಚಿಸುವ ಉಪಾಯ ಅದೆಂದು ಒಪ್ಪೋಣ. ಆದರೂ ಗೆದ್ದ ಹೆಣ್ಣು ಬೆವರಿನೊಡನೆಯೇ ಜಗತ್ತಿಗೆ ಮುಖ ತೋರಿಸುವ ಹಕ್ಕುಳ್ಳವಳಲ್ಲವೆ?

1972ರಲ್ಲಿ ಅಮೆರಿಕದ ಕಾನೂನು ಶಿಕ್ಷಣದಲ್ಲಿ ಹೆಣ್ಣುಗಂಡೆಂಬ ಭೇದವನ್ನು ನಿಷೇಧಿಸಿತು. ಶ್ರೀಮಂತ ವಿಶ್ವವಿದ್ಯಾನಿಲಯಗಳು ಓಟಗಾರ್ತಿಯರಿಗೆ ಧಾರಾಳವಾಗಿ ವಿದ್ಯಾರ್ಥಿವೇತನ ಕೊಡತೊಡಗಿದವು. ಬೇರೆಲ್ಲಿಯೂ ಬಾಗಿಲಿಲ್ಲದಿದ್ದಾಗ ಟೆಂಪಲ್ಲರ ಬಾಗಿಲಿಗೆ ಬರುತ್ತಿದ್ದ ಹುಡುಗಿಯರಿಗೆ ಈಗ ಹತ್ತು ಬಾಗಿಲುಗಳು ತೆರೆದವು. ಟೈಗರ್‌ಬೆಲ್ಸ್‌ನ ಏಕಚಕ್ರಾಧಿಪತ್ಯ ಮೆಲ್ಲನೆ ಮುಗಿಯಿತು. ಹೋರಾಟದ ಫಲವೇ ಹೋರಾಡಿದವರ ಕೋಟೆಯನ್ನು ಬರಿದುಮಾಡಿದ ಬಗೆ ಇದು. 1978ರಲ್ಲಿ ಆ ವಿಶ್ವವಿದ್ಯಾನಿಲಯದ ಹೊಸ ಪಥಕ್ಕೆ ಟೆಂಪಲ್ಲರ ಹೆಸರಿಟ್ಟರು. ಆ ಹೊತ್ತಿಗೆ ರುಡಾಲ್ಫ್, ಟೈಯಸ್, ಎಡಿತ್ ಎಲ್ಲರೂ ಓಡಿ ಮುಗಿಸಿದ್ದರು.

ನ್ಯಾಶ್‌ವಿಲ್ ನಗರವು 2015ರಲ್ಲಿ ಅವರ ಕಂಚಿನ ಪ್ರತಿಮೆಯನ್ನು ನಿಲ್ಲಿಸಿತು. ಅದನ್ನು ಕಣ್ಣಾರೆ ಕಂಡು, ಮರುವರ್ಷದ ಸೆಪ್ಟೆಂಬರಿನಲ್ಲಿ, 89ನೆಯ ವಯಸ್ಸಿನಲ್ಲಿ ಟೆಂಪಲ್ ತೀರಿಕೊಂಡರು. ನಾಲ್ಕು ದಶಕಗಳಿಗೂ ಮೀರಿ ಅವರು ಹೊತ್ತಿದ್ದ ತಂಡದ ಹೊಣೆ ಅವರ ನಿವೃತ್ತಿಯ ನಂತರ ಬಂದದ್ದು ಚಾಂಡ್ರಾ ಚೀಸ್‌ಬರೋ ಎಂಬವರಿಗೆ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ ಎರಡು ರಿಲೇ ಚಿನ್ನ ಗೆದ್ದ ಆಕೆಯೂ ಟೆಂಪಲ್ಲರ ಶಿಷ್ಯೆಯೇ.