ನೀರು ಇಳಿದ ಮೇಲೆ ಸೋಮೇಶ್ವರದ ಬಂಡೆಯಲ್ಲಿ

ಅಳದಂಗಡಿಯ ನಮಗೆ ಕಡಲು ಅಂದರೆ ಉಳ್ಳಾಲ. ಸಯ್ಯಿದ್ ಮುಹಮ್ಮದ್ ಶರೀಫುಲ್ ಮದನಿ ತಂಙಳರ ದರ್ಗಾ ಝಿಯಾರತ್ ಮುಗಿಸಿ, ಮಕ್ಕಳ ಹಠಕ್ಕೆ ಸೋಮೇಶ್ವರದ ಕಡೆ ಹೋಗಿ, ಅರ್ಧ ಗಂಟೆ ಅಲೆ ನೋಡಿ, ಚರುಮುರಿ ತಿಂದು ಬಸ್ ಹತ್ತುವುದು. ನಾನು ಎಷ್ಟೋ ವರ್ಷ ಮದ್ರಸದ ಮಕ್ಕಳನ್ನು ಹಾಗೆಯೇ ಕರೆದುಕೊಂಡು ಹೋಗಿ ಬಂದವನು. ಅಲ್ಲಿನ ಬಂಡೆಗಳ ನಡುವೆ ಏನಿದೆ ಎಂದು ಬಗ್ಗಿ ನೋಡಿದವನಲ್ಲ.

ಕಳೆದ ಸಲ ಹಿಂದಿನ ರಾತ್ರಿಯೇ ಹೋಗಿ ಉಳಿದಿದ್ದೆವು. ಸುಬ್ಹಿ ನಮಾಝ್ ಆಗಿ ಬೆಳಕು ಹರಿದ ಮೇಲೆ ಸೋಮೇಶ್ವರಕ್ಕೆ ಹೋದರೆ, ಕಡಲು ನಾವು ಯಾವತ್ತೂ ನೋಡದಷ್ಟು ಹಿಂದೆ ಹೋಗಿತ್ತು. ಬೇರೆ ದಿನ ಅಲೆ ಬಡಿಯುವ ಬಂಡೆಗಳು ಬರಿಮೈಯಲ್ಲಿ ನಿಂತಿದ್ದವು. ಅವುಗಳ ಹೊಂಡಗಳಲ್ಲಿ ಮಾತ್ರ ನೀರು ಉಳಿದಿತ್ತು, ಕೆಲವು ಬಟ್ಟಲಿನಷ್ಟು, ಕೆಲವು ನಮ್ಮ ಹೌಳಿನ ಒಂದು ಮೂಲೆಯಷ್ಟು. ಒಬ್ಬ ಹುಡುಗ ಕೂತು ಕೂಗಿದ: "ಉಸ್ತಾದೇ, ಇಲ್ಲಿ ಕಲ್ಲಿಗೆ ಜೀವ ಉಂಟು!"

ಅಂದು ಚಂದ್ರ 16. ನಾವು ರಂಝಾನಿಗೆ, ಪೆರ್ನಾಳಿಗೆ ಚಂದ್ರ ನೋಡುತ್ತೇವೆ. ಮೀನುಗಾರರು ತಿಂಗಳಿಡೀ ನೋಡುತ್ತಾರೆ. ಹುಣ್ಣಿಮೆ, ಅಮಾವಾಸ್ಯೆಯ ಹೊತ್ತಿಗೆ ಸೂರ್ಯ, ಚಂದ್ರ, ಭೂಮಿ ಹೆಚ್ಚು ಕಡಿಮೆ ಒಂದೇ ಸಾಲಿಗೆ ಬರುತ್ತವೆ. ಎರಡರ ಸೆಳೆತವೂ ಕೂಡಿ ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಹಾಗಾಗಿ ನಮ್ಮ ಹಿಜಿರಿ ಕ್ಯಾಲೆಂಡರಿನ 1 ಮತ್ತು 15ರ ಆಸುಪಾಸಿನಲ್ಲಿ ದೊಡ್ಡ ಇಳಿತ, 8 ಮತ್ತು 22ರ ಆಸುಪಾಸಿನಲ್ಲಿ ಸಣ್ಣದು. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಗೋಡೆಯ ಕ್ಯಾಲೆಂಡರ್ ದಿನ ಹೇಳುತ್ತದೆ, ಗಂಟೆ ಹೇಳುವುದಿಲ್ಲ. ಗಂಟೆಯನ್ನು ಅಲ್ಲಿನ ಮೀನುಗಾರರಲ್ಲೇ ಕೇಳಬೇಕು.

ಹುಡುಗ ತೋರಿಸಿದ್ದು ಬಂಡೆಗೆ ಅಂಟಿದ ಬೂದು ಬಣ್ಣದ ಸಣ್ಣ ಸಣ್ಣ ಗೋಪುರಗಳು. ಬರಿಗಾಲಲ್ಲಿ ತುಳಿದರೆ ಚರ್ಮ ಕಿತ್ತು ಬರುವಷ್ಟು ಚೂಪು. ಪುಸ್ತಕದಲ್ಲಿ ಇದಕ್ಕೆ ಬಾರ್ನಕಲ್ ಎನ್ನುತ್ತಾರೆ. ಚಿಪ್ಪಿನಂತೆ ಕಂಡರೂ ಇದು ಸಿಗಡಿ, ಏಡಿಗಳ ಬಳಗ. ಮರಿಯಾಗಿರುವಾಗ ನೀರಲ್ಲಿ ಈಜಾಡಿ, ಒಂದು ಜಾಗ ಆರಿಸಿ ತಲೆಯನ್ನೇ ಕಲ್ಲಿಗೆ ಅಂಟಿಸಿಕೊಳ್ಳುತ್ತದೆ. ಮತ್ತೆ ಸಾಯುವವರೆಗೂ ಅಲ್ಲಿಂದ ಏಳುವುದಿಲ್ಲ. ನೀರು ಬಂದಾಗ ಬಾಗಿಲು ತೆರೆದು ಗರಿಯಂಥ ಕಾಲುಗಳನ್ನು ಬೀಸಿ ಆಹಾರ ಹಿಡಿಯುತ್ತದೆ, ನೀರು ಇಳಿದಾಗ ಒಳಗೆ ಒಂದಿಷ್ಟು ತೇವ ಉಳಿಸಿಕೊಂಡು ಬಾಗಿಲು ಹಾಕುತ್ತದೆ. ತಲೆ ಕೆಳಗೆ, ಕಾಲು ಮೇಲೆ! ಮಕ್ಕಳು ನಕ್ಕರು. ನಾನು ಸುಬ್‌ಹಾನಲ್ಲಾಹ್ ಎಂದೆ.

ಅದರ ಕೆಳಗಿನ ಸಾಲಿನಲ್ಲಿ ಪಚ್ಚಿಲೆ. ಇದನ್ನು ಮಾತ್ರ ಯಾರಿಗೂ ಪರಿಚಯ ಮಾಡಬೇಕಾಗಲಿಲ್ಲ, ಸುಕ್ಕದ ರುಚಿ ಎಲ್ಲರಿಗೂ ಗೊತ್ತು. ನೂಲಿನಂಥ ಎಳೆಗಳಿಂದ ಕಲ್ಲನ್ನು ಕಟ್ಟಿ ಹಿಡಿದಿರುತ್ತದೆ. ಹೊಂಡದೊಳಗೆ ಲೆಟ್ಯೂಸ್ ಎಲೆಯ ಹಾಗೆ ತೆಳ್ಳಗಿನ ಹಸಿರು ಪಾಚಿ, ನೆರಳಿದ್ದ ಬದಿಯಲ್ಲಿ ಕಡಲ ಹೂ. ಅದು ಹೂವಲ್ಲ, ಪ್ರಾಣಿ. ಎಸಳಿನ ಹಾಗಿರುವುದು ಅದರ ಕೈಗಳು, ಅದರಲ್ಲಿ ಸಣ್ಣ ಮೀನು, ಸಿಗಡಿಯನ್ನು ಕುಟುಕುವ ವಿಷ. ಬೆರಳಿನ ನೆರಳು ಬಿದ್ದದ್ದೇ ತಡ, ಮರಳು ಬಣ್ಣದ ಪುಟ್ಟ ಮೀನೊಂದು ಸರಕ್ಕನೆ ಕಲ್ಲಿನಡಿಗೆ ಹೋಯಿತು.

ಬೇಸಗೆಯ ಮಧ್ಯಾಹ್ನ ಈ ಹೊಂಡದ ನೀರು ಬಿಸಿಯಾಗಿ, ಆವಿಯಾಗಿ, ಉಪ್ಪು ಏರುತ್ತದೆ. ಜೂನ್ ಬಂತೆಂದರೆ ಮಳೆ ನೀರು ತುಂಬಿ ಉಪ್ಪು ಇಳಿಯುತ್ತದೆ. ಅದರ ಮೇಲೆ ನಮ್ಮ ಪಕ್ಕದ ವೇಣೂರಿನಲ್ಲಿ ಹರಿಯುವ ಫಲ್ಗುಣಿಯೂ ನೇತ್ರಾವತಿಯೂ ಉಳ್ಳಾಲದ ಬಡಗು ಬದಿಯ ಅಳಿವೆಯಲ್ಲಿ ಸೇರಿ ಕೆಂಪು ನೀರನ್ನು ಕಡಲಿಗೆ ಬಿಡುತ್ತವೆ. ಇಷ್ಟನ್ನೂ ತಾಳಿಕೊಂಡವುಗಳೇ ಇಲ್ಲಿ ಉಳಿಯುವುದು.

ಮಕ್ಕಳ ಪ್ರಶ್ನೆಗಳು ಬೇರೆ ದಾರಿಯವು. ಪಾಚಿಯಿಂದ ಹಸಿರಾದ ಈ ನೀರಲ್ಲಿ ವುಳೂ ಆಗುತ್ತದಾ ಉಸ್ತಾದ್? ಆಗುತ್ತದೆ. ನಿಂತು ನಿಂತೋ, ಅಲ್ಲೇ ಹುಟ್ಟಿದ ಪಾಚಿಯಿಂದಲೋ ಬದಲಾದ ನೀರಿಗೆ ನಮ್ಮ ಶಾಫಿ ಮಝ್‌ಹಬಿನಲ್ಲಿ ತೊಂದರೆ ಇಲ್ಲ, ಮಿನ್‌ಹಾಜ್‌ನ ಆರಂಭದಲ್ಲೇ ಬರುವ ವಿಷಯ. ಹಾಗಾದರೆ ಆ ಏಡಿ ತಿನ್ನಬಹುದಾ? ನೀರಲ್ಲೂ ನೆಲದಲ್ಲೂ ಬದುಕುವವುಗಳ ಸಾಲಿನಲ್ಲಿ ಇಮಾಂ ನವವಿಯವರು ಕಪ್ಪೆಯ ಜೊತೆ ಏಡಿಯ ಹೆಸರನ್ನೂ ಹೇಳಿ ಹರಾಂ ಎಂದಿದ್ದಾರೆ. ಕಿತಾಬಿನಲ್ಲಿ ಎಷ್ಟೋ ಸಲ ಪಾಠ ಮಾಡಿದ ಆ ಸಾಲು, ಬಂಡೆಯ ಮೇಲೆ ಬಂದು ಮತ್ತೆ ನೀರಿಗಿಳಿಯುವ ಏಡಿಯನ್ನು ಕಣ್ಣೆದುರು ಕಂಡಾಗ ನನಗೆ ಹೊಸತಾಗಿ ಅರ್ಥವಾಯಿತು.

ತಪ್ಪು ಆದದ್ದು ಹೊರಡುವಾಗ. ಒಬ್ಬ ಹುಡುಗ ಸನ್ಯಾಸಿ ಏಡಿಯೊಂದನ್ನು ನೀರಿನ ಬಾಟಲಿಗೆ ಹಾಕಿಕೊಂಡ. ಇದರ ಹಿಂಭಾಗ ಮೆತ್ತಗೆ, ಸ್ವಂತ ಚಿಪ್ಪು ಇಲ್ಲ. ಸತ್ತ ಶಂಖದ ಹುಳುವಿನ ಚಿಪ್ಪನ್ನು ಹುಡುಕಿ ಒಳಗೆ ಕೂರುತ್ತದೆ, ಬೆಳೆದ ಹಾಗೆ ದೊಡ್ಡ ಮನೆಗೆ ಬದಲಾಯಿಸುತ್ತದೆ. ಉಳಿದ ಮಕ್ಕಳು ಜೇಬು ತುಂಬ ಖಾಲಿ ಚಿಪ್ಪು ಆರಿಸಿದರು. ಅಂದರೆ ಒಂದು ಜೀವ, ಅದರ ಬಳಗಕ್ಕೆ ಆಗಬಹುದಾಗಿದ್ದ ಇಪ್ಪತ್ತು ಮೂವತ್ತು ಮನೆ ನಮ್ಮ ಬಸ್ಸಿನಲ್ಲಿ ಹೊರಟಿತು. ನಾನು ನೋಡಿದೆ. ಮಕ್ಕಳ ಖುಷಿ ಯಾಕೆ ಕೆಡಿಸುವುದು ಎಂದು ಸುಮ್ಮನಿದ್ದೆ.

ಬಿ.ಸಿ. ರೋಡಿನಲ್ಲಿ ಏಡಿ ಕಾಲಾಡಿಸುತ್ತಿತ್ತು. ಗುರುವಾಯನಕೆರೆ ಮುಟ್ಟುವಾಗ ಚಿಪ್ಪಿನಿಂದ ಅರ್ಧ ಹೊರಗೆ ಜೋತು ಬಿದ್ದಿತ್ತು. ಮುಚ್ಚಿದ ಬಾಟಲಿ, ಬಿಸಿಯಾದ ನೀರು, ಉಸಿರಾಡಲು ಗಾಳಿ ಎಲ್ಲಿಂದ? ಹುಡುಗ ಅಳಲಿಲ್ಲ, ಬಾಟಲಿಯನ್ನು ನನ್ನ ಕೈಗೆ ಕೊಟ್ಟ, ಅಷ್ಟೆ. ಹಕ್ಕಿಯ ಎರಡು ಮರಿಗಳನ್ನು ಸಹಾಬಿಗಳು ಎತ್ತಿಕೊಂಡು ಬಂದಾಗ, ತಾಯಿ ಹಕ್ಕಿ ರೆಕ್ಕೆ ಬಡಿಯುವುದನ್ನು ಕಂಡು ಪ್ರವಾದಿ ಸಲ್ಲಲ್ಲಾಹು ಅಲೈಹಿ ವಸಲ್ಲಮರು ಮರಿಗಳನ್ನು ವಾಪಸ್ ಇಡಿಸಿದ ಹದೀಸನ್ನು ಅದೇ ಹುಡುಗನಿಗೆ ಹಿಂದೆ ನಾನೇ ಕಲಿಸಿದ್ದೆ.

ಈಗ ಹೋಗುವಾಗ ಬಾಟಲಿ ಕುಡಿಯಲಿಕ್ಕೆ ಮಾತ್ರ. ಕಲ್ಲು ಮಗುಚಿ ನೋಡಿದರೆ ಮೊದಲಿನ ಹಾಗೆಯೇ ಇಡಬೇಕು, ಅಡಿಯಲ್ಲಿ ಇದ್ದದ್ದು ಬಿಸಿಲಿಗೆ ಸಾಯುತ್ತದೆ. ಪಾಚಿ ಇದ್ದಲ್ಲಿ ಕಾಲಿಡಬಾರದು, ಕಡಲಿಗೆ ಬೆನ್ನು ಹಾಕಬಾರದು, ನೀರು ತಿರುಗುವ ಮೊದಲೇ ಬಂಡೆ ಇಳಿಯಬೇಕು. ಮಳೆಗಾಲದಲ್ಲಿ ಬಂಡೆಯ ಕಡೆ ಸುಳಿಯುವುದೇ ಬೇಡ. ಸೋಮೇಶ್ವರದಲ್ಲಿ ಕಾಲು ಜಾರಿ ಕಡಲು ಪಾಲಾದವರ ಸುದ್ದಿ ನಾವೆಲ್ಲ ಓದಿದವರೇ.

ಮೊನ್ನೆ ಪಾಠದ ನಡುವೆ ಆ ಹುಡುಗ ಎದ್ದು ನಿಂತು ಕೇಳಿದ: "ಉಸ್ತಾದ್, ಮುಂದಿನ ಝಿಯಾರತ್ ಚಂದ್ರ ಎಷ್ಟಕ್ಕೆ?" ಎಂಟಕ್ಕೆ ಎಂದು ಗೊತ್ತು ಮಾಡಿಯಾಗಿತ್ತು. ಬಸ್ಸಿನವರಿಗೆ ಫೋನ್ ಮಾಡಿ ಹದಿನೈದಕ್ಕೆ ಬದಲಾಯಿಸಿದ್ದೇನೆ.